ರೆಸ್ಯೂಮೆಯಿಂದ ತೆಗೆಸಿದ ಸಾಲು

ಮಾರ್ಚ್ ೯, ಭಾನುವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಜುಲೈ ತಿಂಗಳಲ್ಲಿ ನೀನು ಬರೆದ ಕಾಗದಕ್ಕೆ ಮಾರ್ಚ್‌ನಲ್ಲಿ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಇಲ್ಲೇ ಒಂದು ನಿಮಿಷ ನಿಲ್ಲಿಸಿ, ಬೈದು ಮುಗಿಸಿ, ಆಮೇಲೆ ಮುಂದಕ್ಕೆ ಓದು. ನಡುವೆ ಮೂರು ನಾಲ್ಕು ಸಲ ಫೋನಿನಲ್ಲಿ ಮಾತಾಡಿದೆವು, ನಿಜ. ಆದರೆ ನೀನೇ ಹೇಳುವ ಹಾಗೆ ಫೋನಿನಲ್ಲಿ ‘ಊಟ ಆಯ್ತಾ, ಮಂಡಿ ನೋವು ಹೇಗಿದೆ’ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ಹೇಳಬೇಕಾದದ್ದು ಹಾಗೇ ಗಂಟಲಲ್ಲಿ ಉಳಿಯುತ್ತದೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಇವಳು ಗ್ರಂಥಾಲಯದ ಕೆಲಸಕ್ಕೆ ಎಂದಿನಂತೆ ಹೋಗಿಬರುತ್ತಿದ್ದಾಳೆ. ಹೋದ ತಿಂಗಳು ಕನ್ನಡಕದ ನಂಬರು ಹೆಚ್ಚಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಹೊಸ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿ, ‘ಅಯ್ಯೋ, ನೀವು ಇಷ್ಟು ಮುದುಕರಾಗಿದೀರಾ?’ ಎಂದಳು. ಐವತ್ಮೂರಕ್ಕೇ ಈ ಮಾತು ಕೇಳಿಸಿಕೊಂಡೆ. ಅಂಗಿಯ ತುಂಬ ಇಂಕು ಚೆಲ್ಲಿಕೊಂಡು ಶಾಲೆಯಿಂದ ಬರುತ್ತಿದ್ದ ನನಗೆ ‘ಮಸಿ’ ಎಂದು ಹೆಸರಿಟ್ಟವಳು ನೀನು. ಈ ವಯಸ್ಸಿನಲ್ಲೂ ಹಾಗೆ ಕರೆಯುವವಳು ನೀನೊಬ್ಬಳು ಇರುವುದರಿಂದ ನಾನಿನ್ನೂ ಮುದುಕನಾಗಿಲ್ಲ ಎಂದುಕೊಂಡಿದ್ದೇನೆ.

ನಿನಗೆ ಫೋನಿನಲ್ಲಿ ಹೇಳದೇ ಮುಚ್ಚಿಟ್ಟ ಒಂದು ಸುದ್ದಿ ಇದೆ. ಆಗಸ್ಟ್‌ನಲ್ಲಿ ನನ್ನ ಕೆಲಸ ಹೋಯಿತು. ಔಷಧ ಕಂಪನಿಯವರು ಪೆಟ್ಟಿಗೆ, ಚೀಟಿಗಳ ವಿನ್ಯಾಸವನ್ನೆಲ್ಲ ಹೊರಗಿನವರಿಗೆ ಕೊಟ್ಟುಬಿಟ್ಟರು. ನಮ್ಮ ಕಲಾ ವಿಭಾಗದಲ್ಲಿ ಇದ್ದದ್ದೇ ನಾಲ್ಕು ಜನ. ಒಂದು ಶುಕ್ರವಾರ ಕರೆದು, ಕೈ ಕುಲುಕಿ, ಮೇಜು ಖಾಲಿ ಮಾಡಿ ಎಂದರು. ಇಪ್ಪತ್ತೆರಡು ವರ್ಷದ ಸಾಮಾನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯಿತು. ಆ ಪೆಟ್ಟಿಗೆಗಳ ಮೇಲಿನ ಅಕ್ಷರವೂ ನಾನೇ ಬರೆದದ್ದು.

ಬೇರೆ ಕೆಲಸ ಸಿಗಲಿ, ಆಮೇಲೆ ಅಕ್ಕನಿಗೆ ಹೇಳೋಣ ಎಂದುಕೊಂಡೆ. ಸಿಗಲಿಲ್ಲ. ನಾನೇ ಕೂತು ರೆಸ್ಯೂಮೆ ಮಾಡಿಕೊಂಡೆ. ಎಡಕ್ಕೆ ತಿಳಿಹಸಿರು ಪಟ್ಟಿ, ಬಲಕ್ಕೆ ಅನುಭವ, ಪ್ರತಿ ಸಾಲಿಗೂ ಒಂದು ಪುಟ್ಟ ಚಿತ್ರ. ನೋಡಿದರೆ ಕಣ್ಣು ತುಂಬಬೇಕು, ಹಾಗಿತ್ತು. ಅರವತ್ತೊಂದು ಕಡೆ ಕಳಿಸಿದೆ. ಒಬ್ಬರಾದರೂ ‘ನಿಮ್ಮದು ತಲುಪಿತು’ ಎಂದು ಬರೆಯಲಿಲ್ಲ. ಬೆಳಿಗ್ಗೆ ಇವಳು ಹೊರಟಮೇಲೆ ಮನೆಯಲ್ಲಿ ನಾನೊಬ್ಬನೇ. ಅಂಗಿ ಇಸ್ತ್ರಿ ಮಾಡಿಕೊಂಡು, ಹಾಕಿಕೊಂಡು, ಎಲ್ಲಿಗೂ ಹೋಗದೆ ಕೂತಿರುತ್ತಿದ್ದೆ. ಡಿಸೆಂಬರ್‌ನಲ್ಲಿ ಇವಳೇ ಒಂದು ವಿಳಾಸ ತಂದುಕೊಟ್ಟಳು. ‘ನಿಮಗೆ ಬಣ್ಣ ಹಚ್ಚೋಕೆ ಬರುತ್ತೆ, ನಿಮ್ಮ ಬಗ್ಗೆ ಬರ್ಕೊಳ್ಳೋಕೆ ಬರಲ್ಲ. ಅದನ್ನೇ ಕಸುಬು ಮಾಡ್ಕೊಂಡವರಿದಾರೆ, ಹೋಗಿ’ ಎಂದಳು.

ಅವಮಾನವೆನಿಸಿತು, ಅಕ್ಕ. ನನ್ನ ಬದುಕನ್ನು ಬರೆಯಲು ನಾನೇ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವುದೇ? ಆದರೂ ಹೋದೆ.

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಒಂದು ಮೇಜು, ಎರಡು ಕುರ್ಚಿ, ಟವೆಲು ಹೊದ್ದುಕೊಂಡ ಒಂದು ಪ್ರಿಂಟರು. ಮೇಜಿನ ಹಿಂದೆ ಅರವತ್ತರ ಮೇಲಿನ ಒಬ್ಬ ಹೆಂಗಸು. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಬೇರೆಯವರ ಬರಹ ತಿದ್ದಿ ನಿವೃತ್ತರಾದವರಂತೆ. ಎಲ್ಲರೂ ಅವರನ್ನು ರೆಸ್ಯೂಮೆ ಮೇಡಂ ಎನ್ನುತ್ತಾರೆ. ನನ್ನ ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿ, ‘ಚೆನ್ನಾಗಿದೆ. ಮದುವೆ ಯಾವತ್ತು?’ ಎಂದು ಕೇಳಿದರು.

ಲಗ್ನಪತ್ರಿಕೆಯ ಹಾಗಿದೆ ಎಂದು ಹಂಗಿಸಿದ್ದೆಂದು ನನಗೆ ಆಗ ಹೊಳೆಯಲಿಲ್ಲ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ‘ಈಗ ದೊಡ್ಡ ಕಂಪನಿಗಳಲ್ಲಿ ಮೊದಲು ನಿಮ್ಮನ್ನ ಓದೋದು ಮನುಷ್ಯರಲ್ಲ, ಯಂತ್ರ. ಅದು ನಿಮ್ಮನ್ನ ಹೇಗೆ ಓದಿದೆ ನೋಡಿ.’ ನೋಡಿದೆ. ಯಂತ್ರ ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. ಹವ್ಯಾಸದಲ್ಲಿ ಈಜು ಎಂದು ಬರೆದಿದ್ದೆನಲ್ಲ, ಅದು ಹೋಗಿ ಅನುಭವದ ಪಕ್ಕ ಕೂತಿತ್ತು.

‘ಇದರ ಪ್ರಕಾರ ನೀವು ಇಪ್ಪತ್ತೆರಡು ವರ್ಷ ಈಜಿದೀರಿ’ ಎಂದರು ಮೇಡಂ. ‘ಇನ್ನೂ ದಡ ಸೇರಿಲ್ಲ.’

ಎಷ್ಟೋ ತಿಂಗಳ ಮೇಲೆ ನಕ್ಕೆ. ನಗುತ್ತಲೇ ನನ್ನ ಹಸಿರು ಪಟ್ಟಿ, ಚಿತ್ರಗಳು, ಎರಡು ಅಂಕಣ ಎಲ್ಲ ಹೋದವು. ಬಿಳಿ ಹಾಳೆ, ಕರಿ ಅಕ್ಷರ, ಒಂದೇ ಅಳತೆ. ವಿನ್ಯಾಸಕಾರನ ರೆಸ್ಯೂಮೆಯಲ್ಲಿ ವಿನ್ಯಾಸವೇ ಇಲ್ಲ. ‘ಅಲಂಕಾರ ಬೇಕಾದ್ರೆ ನಿಮ್ಮ ಕೆಲಸದ ಮಾದರಿಗಳನ್ನ ಬೇರೆಯಾಗಿ ತಗೊಂಡು ಹೋಗಿ. ಇದರಲ್ಲಿ ನೀವು ಏನು ಮಾಡಿದ್ರಿ ಅನ್ನೋದು ಮಾತ್ರ ಇರಲಿ’ ಎಂದರು.

ಎರಡನೆಯ ವಾರ ಪ್ರಶ್ನೆಗಳು ಶುರುವಾದವು. ಯಾವ ಪೆಟ್ಟಿಗೆ ನೀವೊಬ್ಬರೇ ಮಾಡಿದ್ದು? ಯಾವುದರಲ್ಲಿ ಬೇರೆಯವರ ಕೈ ಇತ್ತು? ನಿಮ್ಮ ಪೆಟ್ಟಿಗೆ ಬಂದ ಮೇಲೆ ಮಾರಾಟ ಎಷ್ಟು ಹೆಚ್ಚಿತು? ‘ಮೇಡಂ, ಕೆಮ್ಮಿನ ಔಷಧ. ಪೆಟ್ಟಿಗೆ ಚೆನ್ನಾಗಿದೆ ಅಂತ ಜನ ಕೆಮ್ಮು ಬರಿಸ್ಕೊಂಡ್ರು ಅಂತ ಬರೀಲಾ?’ ಎಂದೆ. ಅವರು ನಗಲಿಲ್ಲ. ‘ನಿಮ್ಮ ಕೆಲಸದಿಂದ ಯಾರಿಗೆ ಏನಾಯ್ತು, ಅದು ನನಗೆ ಬೇಕು. ಅದಿಲ್ಲದೆ ಬರೆಯೋಕಾಗಲ್ಲ’ ಎಂದರು.

ಆ ಮಾತು ನನ್ನ ಎದೆಗೆ ಎಲ್ಲಿ ನಾಟಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಹಳೆಯ ಕಾಗದಗಳನ್ನು ತಿರುವುತ್ತ ಅವರಿಗೆ ಆ ಪ್ರಶಸ್ತಿ ಪತ್ರ ಸಿಕ್ಕಿತು. ವರ್ಷದ ಅತ್ಯುತ್ತಮ ಔಷಧ ಪೆಟ್ಟಿಗೆ. ಎಂಟು ವರ್ಷದ ಹಿಂದಿನದು. ಅವರ ಮುಖ ಅರಳಿತು. ‘ಇದನ್ನ ಯಾಕ್ರೀ ಅಡೀಲಿ ಹೂತಿಟ್ಟಿದೀರಿ? ಇದು ಮೊದಲನೇ ಸಾಲಲ್ಲಿ ಬರಬೇಕು!’ ಎಂದು ಅಲ್ಲೇ ಬರೆದೂಬಿಟ್ಟರು. ನಾನು ಬೇಡ ಎಂದೆ. ‘ಯಾಕೆ?’ ಎಂದರು. ಸುಮ್ಮನೆ ಬೇಡ ಎಂದೆ. ‘ಸುಮ್ಮನೆ ಅಂತ ಯಾವುದೂ ಇರಲ್ಲ. ಐವತ್ತು ದಾಟಿದ ಮನುಷ್ಯ, ಕೈಲಿರೋ ಒಂದೇ ಒಂದು ಪ್ರಶಸ್ತೀನ ಯಾಕೆ ಬೇಡ ಅಂತಾನೆ?’

ಅಕ್ಕ, ಆ ಸಂಜೆ ನಿನಗೆ ನೆನಪಿದೆಯಲ್ಲ? ಭಾವ ತಾವೇ ಹೊಲಿದ ಹೊಸ ಕೋಟು ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಹೆಸರು ಕರೆದಾಗ ನನಗಿಂತ ಮೊದಲು ಅವರೇ ಎದ್ದು ನಿಂತರು. ಪತ್ರಿಕೆಯಲ್ಲಿ ಬಂದ ಚಿತ್ರ ಕತ್ತರಿಸಿ ಹೊಲಿಗೆ ಅಂಗಡಿಯ ಕನ್ನಡಿಗೆ ಅಂಟಿಸಿದರು. ಅಳತೆ ಕೊಡಲು ಬಂದವರಿಗೆಲ್ಲ, ‘ಕೈ ಎತ್ತಿ, ಹಾಂ, ಆ ಚಿತ್ರ ನೋಡ್ತಾ ಇರಿ, ಅದು ನಮ್ಮ ಬಾಮೈದ ಮಾಡಿದ್ದು’ ಎನ್ನುತ್ತಿದ್ದರು. ಹೆಂಡತಿಯ ತಮ್ಮನನ್ನು ಯಾರು ಹಾಗೆ ಮೆರೆಸುತ್ತಾರೆ?

ಆ ಪೆಟ್ಟಿಗೆ ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ರಕ್ತ ತೆಳುವಾಗಿಸುವ ಆ ಮಾತ್ರೆಯದು.

ಮೇಡಂಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಆ ಮಾತ್ರೆ ಎರಡು ಪ್ರಮಾಣದಲ್ಲಿ ಬರುತ್ತಿತ್ತು. ಒಂದು ಮಿಲಿಗ್ರಾಂ, ಐದು ಮಿಲಿಗ್ರಾಂ. ನಾನು ಮೊದಲು ಬರೆದ ನಕ್ಷೆಯಲ್ಲಿ ಒಂದರದ್ದು ಹಳದಿ, ಐದರದ್ದು ಇಟ್ಟಿಗೆ ಕೆಂಪು. ಸಂಖ್ಯೆ ಹೆಬ್ಬೆರಳಿನಷ್ಟು ದೊಡ್ಡದು. ಮಾರಾಟದ ಮುಖ್ಯಸ್ಥರು ಮುಖ ಕಿವುಚಿ, ‘ಸಂತೆ ಥರ ಕಾಣುತ್ತೆ. ಒಂದೇ ತಾಯಿ ಮಕ್ಕಳ ಥರ ಕಾಣ್ಬೇಕು’ ಎಂದರು. ನಾನು ವಾದ ಮಾಡಲಿಲ್ಲ. ಎರಡನ್ನೂ ಅಚ್ಚ ಬಿಳಿ ಮಾಡಿ, ತಳದಲ್ಲಿ ಒಂದು ನೀಲಿ ಗೆರೆ ಎಳೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಹೇಳಿದ್ದು ಮಾಡಿದೆ ಎನ್ನಬಹುದಿತ್ತು. ಆದರೆ ಆ ದೊಡ್ಡ ಸಂಖ್ಯೆ ಬಿಳಿ ಜಾಗವನ್ನು ಕೆಡಿಸುತ್ತಿದೆ ಎಂದು ನನಗೇ ಅನಿಸಿತು. ಅದನ್ನು ಕುಗ್ಗಿಸಿ, ಬೂದು ಬಣ್ಣ ಕೊಟ್ಟು, ಮೂಲೆಗೆ ತಳ್ಳಿದೆ. ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ಮಾಡಿ ಮುಗಿಸಿ, ಕುರ್ಚಿ ಹಿಂದಕ್ಕೆ ಎಳೆದುಕೊಂಡು ನೋಡಿದೆ. ಎಷ್ಟು ಚೆಂದ ಕಂಡಿತೆಂದರೆ ಇವಳಿಗೆ ಫೋನ್ ಮಾಡಿ ಹೇಳಿದೆ. ತೀರ್ಪುಗಾರರೂ ಅದನ್ನೇ ಮೆಚ್ಚಿದರು. ‘ಬಿಳಿಯ ಮೌನ’ ಎಂದು ಬರೆದಿದ್ದಾರೆ ಪತ್ರದಲ್ಲಿ.

ಎರಡು ವರ್ಷದ ಮೇಲೆ ಭಾವನಿಗೆ ಅದೇ ಮಾತ್ರೆ ಬರೆದುಕೊಟ್ಟರು. ಕಂಪನಿಯಲ್ಲಿ ನೌಕರರಿಗೆಂದು ಇದ್ದ ಔಷಧದ ಕಿಟಕಿಯಿಂದ ನಾನೇ ತಂದುಕೊಟ್ಟೆ. ಮೊದಲು ಐದರದ್ದು. ರಕ್ತ ಪರೀಕ್ಷೆ ಆದಮೇಲೆ ಡಾಕ್ಟರು ಒಂದಕ್ಕೆ ಇಳಿಸಿದರು. ಉಳಿದ ಐದರ ಪೆಟ್ಟಿಗೆ ಎಸೆಯಲು ಹೋದರೆ ಭಾವ ಬಿಡಲಿಲ್ಲ, ‘ಮಸಿ ಮಾಡಿದ ಪೆಟ್ಟಿಗೆ, ಗುಂಡಿ ಹಾಕಿಡೋಕೆ ಆಗುತ್ತೆ ಇರಲಿ’ ಎಂದರೆಂದು ನೀನೇ ನಗುತ್ತ ಹೇಳಿದ್ದೆ. ಮಾತ್ರೆ ಒಳಗಿದ್ದ ಹಾಗೆಯೇ ಅದು ಹೊಸದರ ಜೊತೆ ಒಂದೇ ಡ್ರಾಯರಿನಲ್ಲಿ ಉಳಿಯಿತು. ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ವಾರ, ದಿನಾ ರಾತ್ರಿ, ಒಂದರ ಬದಲು ಐದು ನಿನ್ನ ಕೈಗೆ ಬಂತು. ಅವರ ತಲೆಯೊಳಗೆ ರಕ್ತ ಒಸರಿತು, ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಇದನ್ನೆಲ್ಲ ಆ ಕೋಣೆಯಲ್ಲಿ, ಪರಿಚಯವೇ ಇಲ್ಲದ ಹೆಂಗಸಿನ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಇವಳಿಗೂ ಹೇಳಿರಲಿಲ್ಲ. ಕೊನೆಗೆ ಮೇಡಂ ಕೇಳಿದರು:

‘ನಿಮ್ಮಕ್ಕ ಇದಾರಾ?’

‘ಇದಾರೆ.’

‘ಅವರಿಗೆ ಗೊತ್ತಾ?’

‘ತನ್ನ ಕೈಯಿಂದಲೇ ಆಯ್ತು ಅಂದ್ಕೊಂಡಿದಾರೆ.’

ಅವರು ಎದ್ದು ಪ್ರಿಂಟರಿಗೆ ಟವೆಲು ಹೊದೆಸಿದರು. ‘ಇವತ್ತಿಗೆ ಸಾಕು, ಮುಂದಿನ ವಾರ ಬನ್ನಿ’ ಎಂದರು. ನಾನು ಮೆಟ್ಟಿಲಿಳಿದು ಕನ್ನಡಕದಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅಂಗಡಿಯಾಕೆ ಹೊರಗೆ ಬಂದು, ‘ನಂಬರ್ ನೋಡಿಸ್ಬೇಕಾ?’ ಎಂದು ಕೇಳಿದಳು.

ಮುಂದಿನ ವಾರ ಹೋದಾಗ ರೆಸ್ಯೂಮೆ ಸಿದ್ಧವಾಗಿತ್ತು. ಒಂದೇ ಪುಟ. ಪ್ರಶಸ್ತಿಯ ಸಾಲು ಇರಲಿಲ್ಲ. ಒಂಬತ್ತೇ ದಿನದಲ್ಲಿ ಮತ್ತೊಂದು ಔಷಧ ಕಂಪನಿಯಿಂದ ಕರೆ ಬಂತು. ಸಂದರ್ಶನದ ದಿನ ಇವಳು ಗ್ರಂಥಾಲಯದಿಂದ ರಜೆ ಹಾಕಿ ಅವರ ಕಚೇರಿಯ ಬಾಗಿಲ ತನಕ ಬಂದು ಬಿಟ್ಟುಹೋದಳು.

ಗಾಜಿನ ಕೋಣೆ. ಎದುರಿಗೆ ನನ್ನ ಅರ್ಧ ವಯಸ್ಸಿನ ಅಧಿಕಾರಿ. ಒಳ್ಳೆಯ ಮನುಷ್ಯನೇ. ರೆಸ್ಯೂಮೆ ಓದಿ, ಹಳೆಯ ಕಂಪನಿಯ ಹೆಸರು ಕಂಡು, ಡ್ರಾಯರು ತೆಗೆದು ಆ ಬಿಳಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ‘ಇದು ನಿಮ್ಮ ವಿಭಾಗದ್ದಲ್ವಾ ಸರ್? ಯಾರು ಮಾಡಿದ್ದು ಗೊತ್ತಾ? ನಮಗೂ ಇಂಥದ್ದೇ ಬೇಕು, ಇಡೀ ಸರಣಿಗೆ.’

ಪ್ರಶಸ್ತಿಯನ್ನು ಕಾಗದದಿಂದ ತೆಗೆಸಿದ್ದೆ. ಅದು ಅವನ ಡ್ರಾಯರಿನಲ್ಲಿತ್ತು.

‘ನಾನೇ ಮಾಡಿದ್ದು’ ಎಂದೆ. ಅವನು ಎದ್ದು ಕೈ ಚಾಚಿದ. ಆ ಕೈ ಹಿಡಿದಿದ್ದರೆ ಕೆಲಸ ನನ್ನದಾಗಿತ್ತು, ಅಕ್ಕ. ಸುಳ್ಳು ಯಾಕೆ ಹೇಳಲಿ, ಹಿಡಿಯಲು ಕೈ ಮೇಲೆದ್ದೂ ಇತ್ತು. ‘ಆದ್ರೆ ಇಂಥದ್ದನ್ನ ಇನ್ನೊಂದು ಮಾಡಲ್ಲ’ ಎಂದೆ. ಯಾಕೆಂದು ಕೇಳಿದ. ಸಂಖ್ಯೆ ಯಾವ ಮೂಲೆಯಲ್ಲಿದೆ ಹುಡುಕಿ ಎಂದೆ. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿಕ್ಕಿತು, ಆದರೆ ಸ್ವಲ್ಪ ಹೊತ್ತು ಹಿಡಿಯಿತು. ‘ನಮ್ಮ ಮನೇಲಿ ಒಬ್ಬರಿಗೆ ಅದು ಸಿಗಲಿಲ್ಲ’ ಎಂದೆ. ಅವನ ಮುಖದಲ್ಲಿದ್ದ ನಗು ಇಳಿಯಿತು. ಆಮೇಲೆ ಬಹಳ ಮರ್ಯಾದೆಯಿಂದ ಮಾತಾಡಿಸಿ ಕಳಿಸಿಕೊಟ್ಟ. ಮತ್ತೆ ಕರೆಯಲಿಲ್ಲ.

ಅಲ್ಲಿಂದ ಬಂದವನೇ ಅಟ್ಟದ ಮೇಲಿಟ್ಟಿದ್ದ ಹಳದಿ, ಕೆಂಪು ನಕ್ಷೆಗಳನ್ನು ಇಳಿಸಿದೆ. ಆ ಬಿಳಿ ಪೆಟ್ಟಿಗೆ ಇವತ್ತಿಗೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಔಷಧ ನಿಯಂತ್ರಣ ಕಚೇರಿಗೆ ಒಂದು ಅರ್ಜಿ ಬರೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಅಂಟಿಸಿ, ಕೆಳಗೆ ‘ಇದನ್ನು ವಿನ್ಯಾಸ ಮಾಡಿದವನು ನಾನು’ ಎಂದು ಸಹಿ ಹಾಕಿ ಕೊಟ್ಟುಬಂದೆ. ಗುಮಾಸ್ತೆ ಅದನ್ನು ಎರಡು ಸಲ ಓದಿ, ‘ದೂರು ಯಾರ ಮೇಲೆ?’ ಎಂದು ಕೇಳಿದಳು. ಸಹಿ ತೋರಿಸಿದೆ. ಮುದ್ರೆ ಒತ್ತಿ ಕೊಟ್ಟಳು. ಏನಾಗುತ್ತದೋ ಗೊತ್ತಿಲ್ಲ. ಇನ್ನು ಯಾವ ಔಷಧ ಕಂಪನಿಯೂ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದು ಮಾತ್ರ ಗೊತ್ತು. ಈಗ ಬಸ್ ನಿಲ್ದಾಣದ ಹಿಂದಿನ ಮುದ್ರಣದಂಗಡಿಯಲ್ಲಿ ವಾರಕ್ಕೆ ಮೂರು ದಿನ ಕೂರುತ್ತೇನೆ. ವಿಸಿಟಿಂಗ್ ಕಾರ್ಡು, ಶಾಲೆಯ ಗುರುತಿನ ಚೀಟಿ, ಕಳೆದುಹೋದ ಬೆಕ್ಕಿನ ಚಿತ್ರ. ಅಕ್ಷರ ದೊಡ್ಡದಾಗಿ ಹಾಕುತ್ತೇನೆ. ಮಾಲೀಕರು ‘ಸಾಕು ಮಾರಾಯ್ರೆ, ಗೋಡೆಗೆ ಬರೀತಿದೀರಾ?’ ಎಂದು ರೇಗುತ್ತಾರೆ.

ನಿನ್ನ ಜುಲೈ ಕಾಗದ ನನ್ನ ಎದುರಿಗೇ ಇದೆ. ಮೊಮ್ಮಗಳಿಗೆ ಜ್ವರ ಬಂದ ದಿನದ ಬಗ್ಗೆ ಬರೆದಿದ್ದೀ. ಮಗು ನಿನ್ನ ತೊಡೆಯ ಮೇಲೆ ಸುಡುತ್ತ ಮಲಗಿತ್ತು, ಔಷಧದ ಬಾಟಲಿ ಕೈಯಲ್ಲೇ ಇತ್ತು, ಮಗಳು ಕೆಲಸದಿಂದ ಬರುವ ತನಕ ಎರಡು ಗಂಟೆ ಕುಡಿಸದೆ ಕೂತಿದ್ದೆ ಎಂದು. ‘ನನ್ನ ಕೈ ನಂಬುವ ಹಾಗಿಲ್ಲ ಮಸಿ’ ಎಂದು ಬರೆದಿದ್ದೀ. ಎಂಟು ತಿಂಗಳು ನಾನು ಉತ್ತರ ಬರೆಯದೆ ಇದ್ದದ್ದು ಆ ಒಂದು ಸಾಲಿಗೆ. ಕೆಲಸ ಹೋಗಿದ್ದಕ್ಕಲ್ಲ. ನಾವಿಬ್ಬರೂ ಬೆಳೆದ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ರಾತ್ರಿ ಹಗಲೆನ್ನದೆ ಪಕ್ಕದಲ್ಲಿ ಕೂತ ಕೈ ಅದು. ಅದನ್ನು ಕೆಡಿಸಿದವನು ನಾನು.

ನೀನು ನನ್ನನ್ನು ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಬೇಕೆಂದರೆ ಹರಿದುಹಾಕು, ಫೋನ್ ಎತ್ತಬೇಡ, ಬಂದರೆ ಬಾಗಿಲು ತೆಗೆಯಬೇಡ. ಮಗಳಿಗೂ ಓದಲು ಕೊಡು. ಭಾವನ ಕಡೆಯವರು ಇನ್ನೂ ಯಾರಾದರೂ ನಿನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದರೆ ಅವರಿಗೂ ಕೊಡು. ನನ್ನ ಮರ್ಯಾದೆಯ ಯೋಚನೆ ಬೇಡ.

ಮಗಳು, ಅಳಿಯ ಚೆನ್ನಾಗಿರಲಿ. ಮೊಮ್ಮಗಳು ಗಟ್ಟಿಮುಟ್ಟಾಗಿ ಬೆಳೆದು ನಿನ್ನ ಹೆಗಲೆತ್ತರ ಬರಲಿ. ಚಿಕ್ಕವನು ನಾನು ನಿನಗೆ ಹರಸುವ ಹಾಗಿಲ್ಲ. ಆದರೂ ನಿನ್ನ ಮನಸ್ಸಿಗೆ ಒಂದು ದಿನವಾದರೂ ನಿರಾಳ ಸಿಗಲೆಂದು ಬಯಸುತ್ತೇನೆ. ನಿನ್ನ ಪಾದಕ್ಕೆ ನನ್ನ ನಮಸ್ಕಾರ.

ನಿನ್ನ ತಮ್ಮ,
ಮಸಿ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದೆ. ಮತ್ತೆ ಬಿಚ್ಚಿದೆ. ಮೇಡಂಗೂ ಹೇಳದ ಒಂದು ಮಾತು ಉಳಿದಿದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ, ಭಾವ ಇನ್ನೂ ಒಳಗಿದ್ದಾಗ, ನೀನು ಚೀಲದಿಂದ ಎರಡೂ ಪೆಟ್ಟಿಗೆ ತೆಗೆದು ಮಡಿಲಲ್ಲಿ ಪಕ್ಕಪಕ್ಕ ಇಟ್ಟುಕೊಂಡೆ. ‘ಮಸಿ, ಇಲ್ಲಿ ನೋಡೋ. ಇವೆರಡೂ ಒಂದೇ ಥರ ಇಲ್ವೇನೋ? ಅಥವಾ ನಂಗೇ ಹಾಗೆ ಕಾಣ್ತಿದ್ಯಾ?’ ಎಂದು ಕೇಳಿದೆ. ನಾನು ಅವನ್ನು ಕೈಗೆ ತೆಗೆದುಕೊಂಡೆ. ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಆದರೂ ನಿನ್ನ ಮುಖ ನೋಡಿಕೊಂಡು, ‘ಇಲ್ಲ ಅಕ್ಕ, ಬೇರೆಬೇರೆ ಇವೆ. ಇಲ್ಲಿ ಸ್ಪಷ್ಟವಾಗೇ ಬರ್ದಿದೆ. ನಿಂಗೆ ನಿದ್ದೆ ಇಲ್ಲ, ಅದಕ್ಕೆ’ ಎಂದೆ. ನೀನು ತಲೆಯಾಡಿಸಿ, ಅವನ್ನು ಚೀಲದೊಳಗೆ ಇಟ್ಟುಕೊಂಡೆ. ಮತ್ತೆ ಯಾರನ್ನೂ ಕೇಳಲಿಲ್ಲ. ಪೆಟ್ಟಿಗೆ ಮಾಡಿದವನೇ ಹೇಳಿದ ಮೇಲೆ ಇನ್ಯಾರನ್ನು ಕೇಳುತ್ತೀ?

ಎರಡೂ ಒಂದೇ ಥರ ಇದ್ದವು, ಅಕ್ಕ. ನೀನು ಕಂಡದ್ದು ಸರಿ.